ಫೋಟೊದಲ್ಲಿದ್ದವನ ತಾಯಿ

ಫೋಟೊಗಳಿಗೆ ಕಟ್ಟು ಹಾಕಿಕೊಡುವ ಆ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಕೂಡ. ಆ ವಾರ ಅವಳಿಗೆ ಕೈತುಂಬ ಕೆಲಸ. ಆಳುವ ಪಕ್ಷದ ನಾಯಕನನ್ನು ಗುಂಡಿಕ್ಕಿ ಕೊಂದವನು ಸಿಕ್ಕಿಬಿದ್ದಿದ್ದ. ಅವನನ್ನು ಹಿಡಿದ ಫೋಟೊ ಪ್ರತಿಯೊಂದು ಸರ್ಕಾರಿ ಕಚೇರಿಯ ಗೋಡೆಗೂ ಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ರೈಲು ನಿಲ್ದಾಣ, ಎರಡೂ ಕಡೆ ಎದೆಯುಬ್ಬಿಸಿ ನಿಂತ ಅಧಿಕಾರಿಗಳು, ನಡುವೆ ಮುಖಕ್ಕೆ ಟವೆಲ್ ಸುತ್ತಿದ, ಕೈಕೋಳ ಹಾಕಿದ, ಬರಿಗಾಲಿನ ಆಸಾಮಿ. ಓಡಿಹೋಗುತ್ತಿದ್ದವನನ್ನು ಪಿಸ್ತೂಲಿನ ಸಮೇತ ಹಿಡಿದರೆಂದು ಪತ್ರಿಕೆಗಳು ಪೊಲೀಸರನ್ನು ಹೊಗಳಿ ಅಟ್ಟಕ್ಕೇರಿಸಿದ್ದವು.

ಮಧ್ಯಾಹ್ನ ಅಮ್ಮ ಊಟದ ಡಬ್ಬಿ ತಂದಳು. ಮೇಜಿನ ಮೇಲೆ ಹರಡಿದ್ದ ದೊಡ್ಡ ಫೋಟೊ ನೋಡಿ ಡಬ್ಬಿ ಇಡುವುದನ್ನೇ ಮರೆತಳು.

"ಇವನು ನಮ್ಮ ಪುಟ್ಟ ಅಲ್ವೇನೇ?"

ಪುಟ್ಟ ಎಂದರೆ ಅಕ್ಕನ ತಮ್ಮ. ಆರಡಿ ಎತ್ತರ, ಬಾಗಿಲಿಗೆಲ್ಲ ತಲೆ ಹೊಡೆಸಿಕೊಳ್ಳುತ್ತಾನೆ. ಮನೆಯಲ್ಲಿ ಮಾತ್ರ ಇನ್ನೂ ಪುಟ್ಟನೇ. ಪೊಲೀಸ್ ವ್ಯಾನಿನ ಡ್ರೈವರ್.

ಅಮ್ಮ ತೋರಿಸುತ್ತಿದ್ದದ್ದು ಪಾದಗಳನ್ನು. ಪತ್ರಿಕೆಗಳಲ್ಲಿ ಫೋಟೊ ಮೊಣಕಾಲಿಗೇ ಮುಗಿದಿತ್ತು, ಈ ದೊಡ್ಡ ಪ್ರತಿಯಲ್ಲಿ ಪೂರ್ತಿ ಇತ್ತು. ಆ ಘೋರ ಹಂತಕ ಮಹಾಶಯ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಮೇಷ್ಟ್ರ ಕೈಲಿ ಬೈಸಿಕೊಳ್ಳುವ ಹುಡುಗನ ಹಾಗೆ ನಿಂತಿದ್ದ.

"ಬೈದಾಗೆಲ್ಲ ಹೀಗೇ ನಿಲ್ಲೋದು ಅವನು. ಈ ಪೊಲೀಸಿನೋರ ನಾಟಕದಲ್ಲಿ ಯಾವಾಗ ಸೇರ್ಕೊಂಡ?" ಅಮ್ಮ ನಕ್ಕಳು.

ಅಕ್ಕ ತಟ್ಟನೆ ತಲೆಯೆತ್ತಿದಳು. ಮೇಜಿನ ಆಚೆ, ಫೋಟೊ ಒಯ್ಯಲು ಬಂದ ಕಚೇರಿಯ ಜವಾನ ಕೂತಿದ್ದ.

"ನಿನ್ನ ಕನ್ನಡಕ ಬದಲಾಯಿಸ್ಬೇಕು ಕಣಮ್ಮ," ಎಂದು ಅಕ್ಕನೂ ನಕ್ಕಳು. ಜವಾನನೂ ನಕ್ಕ. ನಕ್ಕವನು ಹೋಗುವ ಮುಂಚೆ ಇನ್ನೊಮ್ಮೆ ಫೋಟೊ ನೋಡಿದ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು.

ಸಂಜೆ ತಮ್ಮ ಮನೆಗೆ ಬರುತ್ತಲೇ ಅಕ್ಕ ಬಾಗಿಲು ಹಾಕಿ, ನೇರವಾಗಿ ಕೇಳಿದಳು. ಅವನು ಅಲ್ಲಗಳೆಯಲಿಲ್ಲ.

"ನಿಂತ್ಕೋ ಅಂದ್ರು, ನಿಂತೆ. ಎತ್ತರ ಸರಿಹೋಗುತ್ತೆ ಅಂದ್ರು."

"ಹಿಡಿದವನನ್ನೇ ನಿಲ್ಲಿಸೋಕೆ ಏನಾಗಿತ್ತು?"

"ಅವನಿಗೆ ನಿಲ್ಲೋಕೆ ಆಗ್ತಿರ್ಲಿಲ್ಲ ಅಕ್ಕ. ಹಾಗೆ ಹೊಡೆದಿದ್ರು." ಅವನು ಧ್ವನಿ ತಗ್ಗಿಸಿದ. "ಅವನನ್ನ ರೈಲು ನಿಲ್ದಾಣದಲ್ಲಿ ಹಿಡಿದೇ ಇಲ್ಲ. ಬೀದಿ ಜಗಳ ಅಂತ ನಾನೇ ವ್ಯಾನಲ್ಲಿ ಕರ್ಕೊಂಡು ಬಂದಿದ್ದೆ. ನಾಯಕರಿಗೆ ಗುಂಡು ಬಿತ್ತಲ್ಲ, ಅದರ ಹಿಂದಿನ ದಿನ. ಗುಂಡು ಬಿದ್ದಾಗ ಅವನು ನಮ್ಮ ಲಾಕಪ್ಪಲ್ಲೇ ಇದ್ದ."

ಅಕ್ಕ ಹತ್ತಿರ ಸರಿದಳು. "ಮತ್ತೆ ಕೊಂದೋರು ಯಾರು?"

"ನನಗೇನು ಗೊತ್ತು? ಕೇಳೋಕೂ ಭಯ."

"ಇವನಿಗೆ ನೇಣಾಗುತ್ತಲ್ಲೋ."

"ನಾನು ಬಾಯಿ ಬಿಟ್ರೆ ನನ್ನ ಕಥೆ ಅದಕ್ಕಿಂತ ಮುಂಚೆ ಮುಗಿಯುತ್ತೆ." ಅವನು ಮುಖ ಉಜ್ಜಿಕೊಂಡ. "ಅವನ ತಾಯಿ ದಿನಾ ಕೋರ್ಟಿನ ಗೇಟ್ ಹತ್ರ ಆ ಫೋಟೊ ಬಂದ ಪೇಪರ್ ಹಿಡ್ಕೊಂಡು ಕೂತಿರ್ತಾಳೆ. ಇವನು ನನ್ನ ಮಗ ಅಲ್ಲ, ನನ್ನ ಮಗ ಅಲ್ಲ ಅಂತ ಹೋಗೋರಿಗೆ ಬರೋರಿಗೆಲ್ಲ ಹೇಳ್ತಾಳೆ. ಯಾವ ತಾಯಿ ತಾನೇ ಒಪ್ಕೋತಾಳೆ ಅಂತ ಎಲ್ರೂ ನಗ್ತಾರೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಯಾವಾಗಲೋ ನಿಂತಿತ್ತು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಬೆಳಿಗ್ಗೆ ಅಕ್ಕ ಮೊದಲು ಮಾಡಿದ ಕೆಲಸವೆಂದರೆ, ಫೋಟೊದ ಸುತ್ತ ಕೂರಿಸುವ ದಪ್ಪ ರಟ್ಟನ್ನು ಕೆಳಗಡೆ ಅಂಚು ಅಗಲ ಬಿಟ್ಟು ಕತ್ತರಿಸಿದ್ದು. ಗಾಜು ಹಾಕಿ ಮೊಳೆ ಹೊಡೆದ ಮೇಲೆ ಪಾದಗಳು ರಟ್ಟಿನ ಹಿಂದೆ ಅಡಗಿದವು. ಅಂಗಡಿಯಲ್ಲಿದ್ದ ಅಷ್ಟೂ ಫೋಟೊಗಳಿಗೆ ಹಾಗೇ ಮಾಡಿದಳು. ಇನ್ನೊಬ್ಬಳ ಮಗನ ಯೋಚನೆ ಬಂದಾಗಲೆಲ್ಲ ಸುತ್ತಿಗೆಯನ್ನು ಜೋರಾಗಿ ಬಡಿದಳು. ಅಮ್ಮ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಮನೆಯಲ್ಲೇ ಇರು ಎಂದರೆ ಕೇಳಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದ. ಫೋಟೊದಲ್ಲಿ ಎಡಗಡೆ ಎದೆಯುಬ್ಬಿಸಿದವನೇ. ಎದುರಿಗೆ ನೋಡಿದರೆ ಎದೆಗಿಂತ ಹೊಟ್ಟೆಯೇ ಮುಂದಿತ್ತು. ಕಟ್ಟು ಹಾಕಿದ್ದ ಒಂದನ್ನು ಎತ್ತಿ ನೋಡಿ, "ಚೆನ್ನಾಗಿ ಬಂದಿದೆ," ಎಂದ. ಆಮೇಲೆ ಅದನ್ನು ಅಮ್ಮನ ಕೈಗೆ ಕೊಟ್ಟ.

"ಏನಜ್ಜಿ, ಇದ್ರಲ್ಲಿರೋನು ನಿಮ್ಮ ಮಗನಂತೆ. ಬೀದಿಯಲ್ಲೆಲ್ಲ ಅದೇ ಮಾತು." ನಗುತ್ತಲೇ ಕೇಳಿದ, ಕಣ್ಣು ನಗಲಿಲ್ಲ.

ಅಮ್ಮ ಫೋಟೊವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಅಕ್ಕ ಸುತ್ತಿಗೆ ಕೆಳಗಿಟ್ಟಳು.

"ಇವನು ನನ್ನ ಮಗ ಅಲ್ಲ," ಎಂದಳು ಅಮ್ಮ. "ನನ್ನ ಮಗನಿಗೆ ಇಷ್ಟು ಅಗಲ ಭುಜ ಎಲ್ಲಿ ಬರಬೇಕು? ನಿನ್ನೆ ಕಣ್ಣು ಮಂಜಾಗಿತ್ತು, ಏನೋ ಅಂದ್ಬಿಟ್ಟೆ."

ಇನ್ಸ್‌ಪೆಕ್ಟರನ ಮುಖ ಸಡಿಲವಾಯಿತು. "ನೀವು ಹೇಳಿದ್ರಲ್ಲ, ಸಾಕು. ಹೆತ್ತ ತಾಯಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ?" ಚಹಾ ತರಿಸಿ ಕುಡಿದು ಹೋದ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ತಮ್ಮ ಉಳಿದ. ಅವಳಿಗೆ ಅಮ್ಮನನ್ನು ಎತ್ತಿ ಕುಣಿಸಬೇಕೆನಿಸಿತು. ಅಮ್ಮ ಮಾತ್ರ ನೆಲ ನೋಡುತ್ತಿದ್ದಳು.

"ಗೊತ್ತಿದ್ದೂ ಒಪ್ಪಿಬಿಟ್ಟ ನೋಡು," ಎಂದಳು. "ನಾನು ಸುಳ್ಳು ಹೇಳಿದೆ, ಒಂದೇ ಸಲಕ್ಕೆ ಒಪ್ಪಿದ. ಕೋರ್ಟ್ ಹತ್ರ ಆ ತಾಯಿ ದಿನಾ ಅದೇ ಮಾತನ್ನ ನಿಜವಾಗಿ ಹೇಳ್ತಿದಾಳೆ, ಯಾರೂ ಒಪ್ಪಲ್ಲ."

ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಬೀದಿಗಿಳಿದಿದ್ದಳು. ಅಕ್ಕ ಅಂಗಡಿಯ ಷಟರ್ ಎಳೆದು ಹಿಂದೆ ಓಡಿದಳು.

"ಪುಟ್ಟನನ್ನ ಉಳಿಸಲ್ಲ ಕಣಮ್ಮ ಅವರು."

"ಗೊತ್ತು ಕಣೇ," ಎಂದಳು ಅಮ್ಮ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ನಡಿಗೆ ನಿಧಾನವಾಗಲಿಲ್ಲ.

ಕೋರ್ಟಿನ ಗೇಟಿನ ಪಕ್ಕ ಆ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಹಿಡಿದೂ ಹಿಡಿದೂ ಪತ್ರಿಕೆ ಮಡಿಕೆಗಳಲ್ಲಿ ಹರಿದಿತ್ತು. ಎಲ್ಲರಿಗೂ ತೋರಿಸುವಂತೆ ಇವರಿಗೂ ಅದನ್ನು ಎತ್ತಿ ತೋರಿಸಿದಳು. ದನಿಯಲ್ಲಿ ಆಸೆಯೇನೂ ಉಳಿದಿರಲಿಲ್ಲ.

"ನೋಡಿ ತಾಯಿ, ಇವನು ನನ್ನ ಮಗ ಅಲ್ಲ."

ಎಳೆದುಕೊಂಡು ಹೋಗಿಯೇ ತೀರಬೇಕೆಂದು ಅಕ್ಕ ಅಮ್ಮನ ತೋಳು ಹಿಡಿದಳು.

"ಅಲ್ಲಮ್ಮ, ನಿನ್ನ ಮಗ ಅಲ್ಲ," ಎಂದಳು ಅಮ್ಮ. "ಅವನು ನನ್ನ ಮಗ."

ಆ ಹೆಂಗಸು ಪತ್ರಿಕೆ ಕೆಳಗಿಳಿಸಿ ಅಮ್ಮನ ಮುಖ ನೋಡಿದಳು. ಗೇಟಿನ ಕಾವಲಿನವನು ಇತ್ತ ತಿರುಗಿದ. ಅವನಿಗೂ ಕೇಳಿಸಲೆಂದು ಅಮ್ಮ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಅಕ್ಕನ ಕೈ ಇನ್ನೂ ಅಮ್ಮನ ತೋಳಿನ ಮೇಲೇ ಇತ್ತು, ಆದರೆ ಅದು ಎಳೆಯುತ್ತಿರಲಿಲ್ಲ.