ಕುಂಕುಮಕ್ಕೆ ಬಂದ ಕಾಗದ

ಶ್ರಾವಣ ಶುಕ್ರವಾರ ಕುಂಕುಮಕ್ಕೆ ಬಂದವರಿಗೆ ಇಲ್ಲವೆನ್ನಬಾರದೆಂದು ಹೇಳಿ ಶ್ರೀಲತಾಳನ್ನು ಬೆಳೆಸಿದ್ದರು. ಆ ಭಯಕ್ಕೇ ಅವಳು ಸಹಿ ಹಾಕಿಬಿಟ್ಟಳು. ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದ ಫಾರ್ಮಿಂಗ್ಟನ್ ಹಿಲ್ಸ್‌ನ ಅವಳ ಮನೆಗೆ ಜರಿ ಸೀರೆಯುಟ್ಟು ಬಂದ ನೆರೆಮನೆಯ ಆಶಾರಾಣಿ, ಕುಂಕುಮ ಇಡಿಸಿಕೊಂಡು, ಕೋಸಂಬರಿ ತಿಂದು, ಬ್ಯಾಗಿನಿಂದ ಒಂದು ಕಾಗದ ತೆಗೆದಳು. ಡೆಟ್ರಾಯಿಟ್ ಕಡೆಯ ಬಸ್ಸನ್ನು ನಮ್ಮ ಬಡಾವಣೆಯ ಗೇಟಿನವರೆಗೂ ತರುತ್ತಾರಂತೆ, ಬೇಡವೆಂದು ಎಲ್ಲರೂ ಬರೆದುಕೊಡುತ್ತಿದ್ದೇವೆ ಎಂದಳು. ಯಾರು ಯಾರೋ ಬರುತ್ತಾರೆ, ಮನೆ ರೇಟು ಬೀಳುತ್ತೆ ಎಂದೂ ಸೇರಿಸಿದಳು. ಆ ಯಾರು ಯಾರೋ ಎಂದರೆ ಡೆಟ್ರಾಯಿಟ್‌ನ ಕಪ್ಪು ಜನರೆಂದು ಇಬ್ಬರಿಗೂ ಗೊತ್ತಿತ್ತು. ತಾಂಬೂಲ ಹಿಡಿದು ನಿಂತ ಮುತ್ತೈದೆಗೆ ಆಗುವುದಿಲ್ಲವೆನ್ನಲು ಶ್ರೀಲತಾಳಿಗೆ ಬಾಯಿ ಬರಲಿಲ್ಲ. ಎಂಥ ಹಾಳು ಮರ್ಯಾದೆಯೋ ಅದು!

ಆ ಬಸ್ಸು ಅವಳಿಗೇನು ಹೊಸದೇ? ಇಪ್ಪತ್ತೈದು ವರ್ಷದ ಹಿಂದೆ ಸಂಸಾರ ಡೆಟ್ರಾಯಿಟ್‌ನ ಒಂದು ಕೋಣೆಯಲ್ಲಿತ್ತು. ಇದ್ದೊಂದು ಹಳೇ ಕಾರನ್ನು ಗಂಡ ಪ್ರಸಾದ್ ಬೆಳಗಾಗುತ್ತಲೇ ಸ್ಟರ್ಲಿಂಗ್ ಹೈಟ್ಸ್‌ನ ಫ್ಯಾಕ್ಟರಿಗೆ ಒಯ್ಯುತ್ತಿದ್ದ. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಕಂಕುಳಲ್ಲಿ ಕೂಸು ಜಾನ್ವಿ, ಕೈಯಲ್ಲಿ ತರಕಾರಿ ಚೀಲ, ಬಸ್ಸೇ ಗತಿ. ಹತ್ತಿದ ಕೂಡಲೇ ಯಾರಾದರೊಬ್ಬ ಕಪ್ಪು ಅಜ್ಜಿ ಕೂಸನ್ನು ಕಿತ್ತುಕೊಂಡು ತೊಡೆಗೆ ಹಾಕಿಕೊಳ್ಳುತ್ತಿದ್ದಳು. ಈ ಚಳಿಯಲ್ಲಿ ಮಗುವಿಗೆ ಟೋಪಿ ಬೇಡವೇ ಎಂದು ಗದರುತ್ತಿದ್ದಳು, ಥೇಟು ನಂಜನಗೂಡಿನ ಸೋದರತ್ತೆಯ ಹಾಗೆ. ಆ ಗದರಿಕೆ ಕೇಳಲೆಂದೇ ಶ್ರೀಲತಾ ಎರಡು ಸ್ಟಾಪ್ ಮುಂದೆ ಹೋಗಿ ಇಳಿದದ್ದುಂಟು. ಈಗ ನಾಲ್ಕು ಬೆಡ್‌ರೂಮು, ಮೂರು ಕಾರು. ಪಕ್ಕದ ಮನೆಗೆ ಹೋಗಲೂ ಮೊದಲು ಮೆಸೇಜು ಮಾಡಬೇಕು.

ಡೆಲೋರಿಸ್ ಕೂಡ ಆ ಅಜ್ಜಿಯರ ಹಾಗೆಯೇ ಒಬ್ಬ ಕಪ್ಪು ಹೆಂಗಸು, ಡೆಟ್ರಾಯಿಟ್‌ನಲ್ಲೇ ಇದ್ದವಳು. ಲಕ್ವ ಹೊಡೆದ ಅತ್ತೆ ಕಾಳಮ್ಮನನ್ನು ನೋಡಿಕೊಳ್ಳಲು ಎರಡು ವರ್ಷದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕೊನೆಯ ಸ್ಟಾಪಿನಿಂದ ಒಂದೂವರೆ ಮೈಲಿ, ಸುಡುವ ಬಿಸಿಲಲ್ಲೂ ನಡೆದೇ ಬರಬೇಕು. ಅವಳಿಗೆ ತಿಳಿಯುವುದರೊಳಗೆ ಸಹಿ ಹೊಡೆದುಹಾಕಿಸಬೇಕೆಂದು ಮೂರು ವಾರ ಒದ್ದಾಡಿ, ಶ್ರೀಲತಾ ಕೊನೆಗೆ ಆಶಾರಾಣಿಯ ಮನೆಗೇ ಹೋದಳು.

"ಅದು ಆಗ್ಲೇ ಸಬ್ಮಿಟ್ ಮಾಡಾಯ್ತು ಕಣ್ರೀ," ಎಂದು ಆಶಾರಾಣಿ ನಕ್ಕಳು. "ಬಸ್ಸು ಬರಲ್ವಂತೆ, ನಿಶ್ಚಿಂತೆಯಾಗಿರಿ."

ಮನೆಗೆ ಬಂದರೆ ಡೆಲೋರಿಸ್ ಕಾಳಮ್ಮನ ತಲೆ ಬಾಚುತ್ತಿದ್ದಳು. ಇನ್ನು ಮುಚ್ಚಿಟ್ಟುಕೊಳ್ಳಲಾರದೆ ಶ್ರೀಲತಾ ಎಲ್ಲವನ್ನೂ ಹೇಳಿಬಿಟ್ಟಳು. ಬಾಚಣಿಗೆ ನಿಲ್ಲಲಿಲ್ಲ. ಗೇಟಿನ ಬೋರ್ಡಿನಲ್ಲಿ ಸಹಿ ಹಾಕಿದವರ ಪಟ್ಟಿ ಅಂಟಿಸಿ ಹದಿನೈದು ದಿನವಾಯಿತು, ದಿನಾ ಅದರ ಮುಂದೆಯೇ ನಡೆದು ಬರುತ್ತೇನೆ ಎಂದಳು ಡೆಲೋರಿಸ್, ತನ್ನ ಇಂಗ್ಲಿಷಿನಲ್ಲಿ.

"ನಿಮ್ಮ ಹೆಸರು ಮೇಲಿಂದ ಐದನೇದು."

ಶ್ರೀಲತಾ ನಾಚಿಕೆಯಿಂದ ಸತ್ತೇ ಹೋದಳು. ಇವತ್ತಿನಿಂದ ಸಂಜೆ ನಿಮ್ಮ ಮನೆಯವರೆಗೂ ಕಾರಿನಲ್ಲಿ ಬಿಡುತ್ತೇನೆ, ದಮ್ಮಯ್ಯ ಬೇಡವೆನ್ನಬೇಡಿ ಎಂದು ಅಂಗಲಾಚಿದಳು.

"ಸ್ಟಾಪಿನವರೆಗೆ ಬಿಡಿ, ಸಾಕು," ಎಂದಳು ಡೆಲೋರಿಸ್. "ಬಸ್ಸಲ್ಲಿ ನನ್ನ ಜನ ಇರ್ತಾರೆ."

ಸಂಜೆ ಅವರು ಸ್ಟಾಪ್ ತಲುಪುವಷ್ಟರಲ್ಲಿ ಬಸ್ಸು ಬಂತು. ಡೆಲೋರಿಸ್ ಹತ್ತುವ ಮೊದಲೇ ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು, ಯಾರೋ ನಕ್ಕರು. ಬಸ್ಸು ಹೋದ ಮೇಲೂ ಶ್ರೀಲತಾ ಏಸಿ ಹಾಕಿದ ಕಾರಿನಲ್ಲಿ ಒಬ್ಬಳೇ ಕೂತು ಅತ್ತಳು.