ಬಂದಳಿಕೆ ಅಂದವಳು ನಾನೇ

ತಪ್ಪು ನನ್ನದೇ. ಆದರೆ ಒಪ್ಪಿಕೊಳ್ಳುವ ಮೊದಲು ಲ್ಯಾಬಿನ ಸೂರು ಹಾರಿಹೋಗುವಂತೆ ಕೂಗಾಡಿದ್ದೆ.

ತುಮಕೂರಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಮೇಡಂ. ಸಮುದ್ರ ಎಲ್ಲಿ, ನಾವೆಲ್ಲಿ! ಆದರೂ ನನ್ನ ಪಿಎಚ್‌ಡಿ ಹವಳದ ಮೇಲೆ. ಕಡಲೊಳಗಿನ ಬಂಡೆಯಡಿಯ ನೆರಳಲ್ಲೇ ಬದುಕುವ, ಹುಣಸೆಬೀಜದಷ್ಟು ಪುಟ್ಟ ಹವಳಗಳು. ನನ್ನ ಗೈಡ್ ಸದಾಶಿವಯ್ಯನವರು ಕೊಟ್ಟ ಏಳು ಒಣ ಹವಳಗಳು ನನ್ನ ಬಳಿ ಇದ್ದವು. ಅವುಗಳ ಮೈಗೆ ಅಂಟಿ ಬೆಳೆದ ಜೀವಿಗಳ ಕೊಳವೆ, ಚಿಪ್ಪು, ಜಾಲರಿ ನೋಡಬೇಕು, ಏನು ಸೊಗಸು ಅಂತೀರಿ! ಅವು ಹವಳವನ್ನು ಕೊಲ್ಲುತ್ತವೆಯೋ ಕಾಯುತ್ತವೆಯೋ ಎಂಬುದೇ ನನ್ನ ಪ್ರಶ್ನೆ. ನಾಲ್ಕು ವರ್ಷವಾದರೂ ಉತ್ತರವಿಲ್ಲ. ಸೋಮವಾರ ಗೈಡ್ ಬರುವವರಿದ್ದರು, ಆಗಲೂ ಉತ್ತರವಿಲ್ಲದಿದ್ದರೆ ಈ ವಿಷಯ ಬಿಟ್ಟುಬಿಡು ಅಂದಿದ್ದರು.

ಶನಿವಾರ ಬೆಳಿಗ್ಗೆ ಹೋದರೆ ಆರು ಹವಳ ಬೋಳು! ಅಟೆಂಡರ್ ಸಿದ್ದಲಕ್ಷ್ಮಮ್ಮ ಸೂಜಿ ಹಿಡಿದು ಏಳನೆಯದಕ್ಕೆ ಕೈ ಹಾಕಿದ್ದರು.

"ಅಯ್ಯೋ, ಏನ್ರೀ ಮಾಡಿದ್ರಿ! ನನ್ನ ಹೊಟ್ಟೆ ಉರಿಸೋಕೇ ಬರ್ತೀರಾ ಇಲ್ಲಿಗೆ?"

ಅವರು ತಬ್ಬಿಬ್ಬಾದರು. "ನೀವೇ ಹೇಳಿದ್ರಲ್ಲ ಮೇಡಮ್ಮೋರೆ, ಮಾವಿನ ಮರಕ್ಕೆ ಬಂದಳಿಕೆ ಹತ್ಕೊಂಡಂಗೆ ಇವಕ್ಕೂ ಹತ್ಕೊಂಡೈತೆ ಅಂತ. ನಮ್ಮ ಬೆಳ್ಳಾವೀಲಿ ಬಂದಳಿಕೆ ಕಂಡ್ರೆ ಯಾರಾದ್ರೂ ಬುಡ್ತಾರಾ? ಮರಾನೇ ತಿಂದಾಕ್ತೈತೆ. ಸೋಮವಾರ ದೊಡ್ಡೋರು ಬತ್ತಾರೆ ಅಂತ ಕಿತ್ತಾಕ್ದೆ."

ಅವರಿಗೆ ಅರ್ಥವಾಗಲೆಂದು ಜಾಣೆಯಂತೆ ನಾನೇ ಆಡಿದ್ದ ಮಾತು. ಕುರ್ಚಿಯಲ್ಲಿ ಕುಸಿದು ಅತ್ತೇಬಿಟ್ಟೆ.

ಸಿದ್ದಲಕ್ಷ್ಮಮ್ಮ ಭೂತಗನ್ನಡಿ ತಂದು ಮುಂದಿಟ್ಟರು. "ಅಳೋದು ಆಮೇಲೆ, ಇದ್ನ ನೋಡಿ. ಬಂದಳಿಕೆ ಕಿತ್ರೆ ಅಡೀಲಿ ಕೊಂಬೆ ಗಂಟುಗಂಟಾಗಿ ಕೆಟ್ಟಿರ್ತೈತೆ. ಇದು ಹಂಗಿಲ್ಲ, ಕಿತ್ತ ಜಾಗ ನುಣ್ಣಗೈತೆ. ಏನೂ ಹತ್ಕೊಳ್ದೆ ಇದ್ದ ಕಡೆ ಮಾತ್ರ ಹುಳ ಕೊರ್ದು ತೂತು ತೂತಾಗೈತೆ."

ಒಂದೊಂದಾಗಿ ನೋಡಿದೆ. ಆರರಲ್ಲೂ ಹಾಗೇ! ಕೀಳಲು ನನಗೆಂದೂ ಮನಸ್ಸು ಬಾರದಿದ್ದ ಆ ಹೊದಿಕೆಯಡಿಯಲ್ಲೇ ಉತ್ತರವಿತ್ತು. ಹವಳ ಅವಕ್ಕೆ ನೆಲೆ ಕೊಟ್ಟಿತ್ತು, ಕೊರೆಯುವ ಹುಳವನ್ನು ಅವು ಹವಳದ ಹತ್ತಿರ ಬಿಟ್ಟಿರಲಿಲ್ಲ. ಆ ಪುಟ್ಟ ಜೀವಿಗಳಿಗೂ, ಸಿದ್ದಲಕ್ಷ್ಮಮ್ಮನ ಕಣ್ಣಿಗೂ ಕೈ ಮುಗಿಯಬೇಕೆನಿಸಿತು.

ಕೂಡಲೇ ಗೈಡ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಕಂಡುಹಿಡಿದೋರು ಯಾರಮ್ಮ?" ಅಂದರು.

"ನಮ್ಮ ಸಿದ್ದಲಕ್ಷ್ಮಮ್ಮ ಸಾರ್. ಪ್ರಬಂಧದಲ್ಲಿ ಅವರ ಹೆಸರು ಹಾಕ್ತೀನಿ."

ಅದನ್ನು ಕೇಳಿದ್ದೇ ಸಿದ್ದಲಕ್ಷ್ಮಮ್ಮನಿಗೆ ಹುರುಪು ಬಂತು. "ಹಂಗಾರೆ ಉಳ್ದಿರೋದ್ನೂ ಕಿತ್ಬುಡ್ಲಾ?"

"ಬೇಡ ಕಣಮ್ಮ," ಅಂದೆ. "ಅವು ಜೊತೇಲೇ ಇರ್ಲಿ."