ಬಾಗಿಲೊಳಗಿನ ಭಂಡಾರ

ಟಿಂಕರ್ ಲಕ್ಷ್ಮಣ ಕಾರಿನ ಬಾಗಿಲ ಒಳಹಲಗೆ ಬಿಚ್ಚಿದಾಗ ಬಂದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಕೊಳೆತ ಕೊಬ್ಬರಿ, ತುಕ್ಕು, ಸತ್ತ ಇಲಿ, ಎಲ್ಲವನ್ನೂ ಅರಿಶಿನದಲ್ಲಿ ಕಲಸಿ ವರ್ಷಗಟ್ಟಲೆ ಮುಚ್ಚಿಟ್ಟಂಥ ವಾಸನೆ. ಬೈಲಹೊಂಗಲದಲ್ಲಿ ಹಳೇ ಗಾಡಿಗಳ ತಗಡಿನ ಕೆಲಸ, ಪತ್ರಾ ಕೆಲಸವೆಂದರೆ ಅವನೇ. ಎಂತೆಂಥ ಗಾಡಿ ಕಂಡವನೂ ಹೆಗಲ ಮೇಲಿನ ಟವೆಲ್ ಎಳೆದು ಮೂಗಿಗೆ ಹಿಡಿದ.

ಕಾರು ನಮ್ಮ ಮಾವನವರದು, ಬಿಳಿ ಅಂಬಾಸಿಡರ್. ಅವರು ತೀರಿಕೊಂಡ ಮೇಲೆ ದೊಡವಾಡದ ಮನೆಯ ಮುಂದೆ ತಾಡಪತ್ರಿ ಹೊದ್ದು ನಿಂತಿತ್ತು. ನನ್ನ ಗಂಡ ಬಸವಲಿಂಗ ಅವರಿಗೆ ಬೈಕು ಬಿಟ್ಟರೆ ಬೇರೆ ಗಾಡಿ ಹೊಡೆಯಲು ಬರುವುದಿಲ್ಲ. ಹಟ ಹಿಡಿದು ಕಾರು ಕಲಿತವಳು ನಾನು. ಬೈಲಹೊಂಗಲದ ಹೈಸ್ಕೂಲಿಗೆ ಪಾಠ ಮಾಡಲು ದಿನಾ ಬಸ್ಸಿಗೆ ಓಡುತ್ತಿದ್ದೆ. ಅದನ್ನು ನೋಡಿ ಅತ್ತೆ ಸಿದ್ದಲಿಂಗವ್ವ ತಾವಾಗಿಯೇ ಹೇಳಿದರು, ರಿಪೇರಿ ಮಾಡಿಸಿಕೊಂಡರೆ ಕಾರು ನಿನ್ನದೇ ಎಂದು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನ್ನದು ಎನ್ನಿಸಿಕೊಂಡ ಮೊದಲ ವಸ್ತು ಅದು. ಖುಷಿಯಿಂದ ನಿದ್ದೆ ಬಂದಿರಲಿಲ್ಲ.

ಬಾಗಿಲು ಯಾಕೆ ಹಾಗೆ ಕೊಳೆಯಿತೆಂದರೆ, ನಮ್ಮವರ ಭಕ್ತಿಯಿಂದ. ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಎರಚಿದ ಭಂಡಾರ, ಅಂದರೆ ದೇವಿಯ ಅರಿಶಿನದ ಪುಡಿ, ಕಿಟಕಿಯ ಸಂದಿಯಿಂದ ಬಾಗಿಲೊಳಗೆ ಇಳಿಯುತ್ತಿತ್ತು. ಅದನ್ನು ತೆಗೆಯುವಂತಿಲ್ಲ, ತೆಗೆದರೆ ಕಾಲಿಗೆ ಸಿಗುತ್ತದೆ, ಕಾಲಿಗೆ ಸಿಕ್ಕರೆ ದೇವಿ ಮುನಿಯುತ್ತಾಳೆ. ಅದರ ಮೇಲೆ ಅಮಾವಾಸ್ಯೆಗೊಮ್ಮೆ ಕಾರಿಗೆ ಪೂಜೆ, ಒಡೆದ ಕಾಯಿಯ ನೀರೆಲ್ಲ ಬಾಗಿಲ ಮೇಲೆ. ಬಾಗಿಲ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಭಂಡಾರ ಕಟ್ಟಿ ಕಲ್ಲಾಗಿದ್ದವು. ಒಳಗೇ ನಿಂತ ನೀರು ಪತ್ರಾ ತಿಂದುಹಾಕಿತ್ತು, ಲಕ್ಷ್ಮಣ ಹೆಬ್ಬೆರಳು ಒತ್ತಿದರೆ ಒಳಗೇ ಹೋಯಿತು. ಹೊರಗೆ ಥಳಕು, ಒಳಗೆ ಹುಳುಕು.

ಅವನು ಆ ಹಳದಿ ರಾಡಿಯನ್ನು ಗಟಾರಕ್ಕೆ ಹಾಕಲು ಹೊರಟಾಗ, ನಮ್ಮ ಜೊತೆ ಬಂದಿದ್ದ ಅತ್ತೆ ಅಡ್ಡ ಬಂದರು.

"ಭಂಡಾರ ಅಂದ್ರ ತಾಯಿ ಪ್ರಸಾದ. ಅದನ್ನ ಗಟಾರಕ್ಕ ಚೆಲ್ಲತೀಯೇನೋ?"

ಬರಿಗೈಯಿಂದ ಬಳಿದು ತಂಬಿಗೆಗೆ ತುಂಬಿಕೊಂಡರು. ಮನೆಗೆ ತಂದು ಮಾಳಿಗೆಯ ಮೇಲೆ ಒಣಗಿಸಿದರು, ಇಲಿಯ ಕೂದಲು ಆರಿಸಿ ತೆಗೆದರು, ಹಿಟ್ಟಿನ ಸಾಣಿಗೆಯಲ್ಲೇ ಜರಡಿ ಹಿಡಿದರು. ಆ ಸಾಣಿಗೆಯ ಹಿಟ್ಟಿನ ರೊಟ್ಟಿ ನಾನು ಮತ್ತೆ ಮುಟ್ಟಲಿಲ್ಲ. ದೇವಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ನಾನೂ ಕೈಮುಗಿಯುವವಳೇ. ಆದರೆ ಹೊಲಸಿಗೆ ದೇವಿಯ ಹೆಸರಿಟ್ಟರೆ ಹೇಸಿಗೆ ಹೋಗುತ್ತದೆಯೇ?

ಲಕ್ಷ್ಮಣ ಕೊಳೆತದ್ದನ್ನು ಕತ್ತರಿಸಿ ಹೊಸ ಪತ್ರಾ ಬೆಸೆದ, ಬಡಿದು ಸಮ ಮಾಡಿದ, ಪುಟ್ಟಿ ಹಚ್ಚಿ ಉಜ್ಜಿದ, ಬಣ್ಣ ಹೊಡೆದ. ನಾನು ಅವನಿಗೆ ಕೇಳಿದ್ದು ಒಂದೇ, ತಳದ ತೂತುಗಳನ್ನು ದೊಡ್ಡದಾಗಿ ಕೊರೆ ಎಂದು. ಭಂಡಾರ ಬೀಳುವುದಂತೂ ತಪ್ಪದು, ಬಿದ್ದದ್ದು ನೀರಿನೊಂದಿಗೆ ಹರಿದುಹೋದರೆ ಸಾಕು. ನನ್ನ ಗಂಡ ಪಕ್ಕದಲ್ಲೇ ನಿಂತು ಹೂಂಗುಟ್ಟಿದರು.

ಮೊದಲ ಸವಾರಿ ಗುಡ್ಡಕ್ಕೇ ಎಂದರು ಅತ್ತೆ. ಒಪ್ಪಿದೆ. ನಾನೇ ಹೊಡೆದುಕೊಂಡು ಹೋದೆ. ಭಕ್ತರು ಉಧೋ ಉಧೋ ಎನ್ನುತ್ತಿದ್ದಂತೆ ಹೊಸ ಬಣ್ಣದ ಮೇಲೆ ಮುಷ್ಟಿ ಮುಷ್ಟಿ ಭಂಡಾರ ಬಿತ್ತು. ಗುಡ್ಡ ಇಳಿದು ಉಗರಗೋಳದಲ್ಲಿ ನಿಲ್ಲಿಸಿ, ಅಂಗಡಿಯವರಿಂದ ಬಕೆಟ್ ಇಸಕೊಂಡು ಕಿಟಕಿಯ ಸಂದಿಗೆ ನೀರು ಸುರಿದೆ. ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಬಾಗಿಲು ಅಲುಗಿಸಿದೆ, ಒಳಗೆ ನೀರು ಗುಳುಗುಳು ಎಂದಿತು. ಬಗ್ಗಿ ತಳಕ್ಕೆ ಬೆರಳಾಡಿಸಿದರೆ ತೂತಿನ ಜಾಗದಲ್ಲೆಲ್ಲ ಬೆಸುಗೆಯ ಗಂಟು.

ನನ್ನ ಗಂಡ ಗುಡ್ಡದ ಕಡೆ ಮುಖ ತಿರುಗಿಸಿದರು. ಕೇಳಿ ಕೇಳಿ ಬಾಯಿ ಬಿಡಿಸಿದೆ. ತೂತಿನಿಂದ ಭಂಡಾರ ರಸ್ತೆಗೆ ಬಿದ್ದು ಮಂದಿಯ ಕಾಲಿಗೆ ಸಿಕ್ಕೀತೆಂದು ಅತ್ತೆ ಹೆದರಿದ್ದರು. ಇವರೇ ಹೋಗಿ ಲಕ್ಷ್ಮಣನಿಂದ ಮುಚ್ಚಿಸಿ ಬಂದಿದ್ದರು.

"ನನಗ್ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

ಇಷ್ಟೇ ಉತ್ತರ. ಕಾರು ನನ್ನದೆಂದು ನಂಬಿದ ನನ್ನ ಮೇಲೂ ನನಗೆ ಅಸಹ್ಯ ಹುಟ್ಟಿತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅತ್ತೆ ಡಬ್ಬಿ ತೆಗೆದು, ಜರಡಿ ಹಿಡಿದಿಟ್ಟ ಆ ಹಳೇ ಪುಡಿಯನ್ನು ಅಂಗೈಗೆ ಸುರಿದುಕೊಂಡು ಕಿಟಕಿಯಿಂದ ನನ್ನ ಹಣೆಗೆ ಕೈ ಚಾಚಿದರು. ಮತ್ತದೇ ವಾಸನೆ. ಅವರ ಅಂಗೈಯನ್ನು ತಡೆದು, ಆ ಪುಡಿಯ ಮೇಲೇ ಕಾರಿನ ಕೀಲಿ ಇಟ್ಟೆ.

"ಗಾಡಿ ನಿಮ್ಮದ ಇರಲ್ರಿ, ಅತ್ತಿ."

ಸವದತ್ತಿ ಕಡೆಯ ಬಸ್ಸು ನಿಂತಿತ್ತು, ಹತ್ತಿದೆ. ಬಸ್ಸು ಊರು ದಾಟುವುದರೊಳಗೆ ಗಂಡನ ಫೋನು ಬಂತು. ಅವ್ವ ಬಿಸಿಲಿನಲ್ಲಿ ಕೂತಿದ್ದಾಳೆ, ಗಾಡಿ ಯಾರು ಹೊಡೆಯಬೇಕು ಎಂದು ಕೇಳಿದರು.

"ತೂತ ಮುಚ್ಚಿ ದೇವೀನ್ನ ಒಳಗ ಕೂಡಿ ಹಾಕೀರಲ್ರಿ," ಎಂದೆ. "ಆಕೀಗೇ ಹೇಳ್ರಿ, ಹೊಡಕೊಂಡ ಬರತಾಳ."